ಎರಡನೆಯ ಸಾಕ್ಷಿ

ನಾನು ಒಂದು ಮೃತ್ಯುಪತ್ರ. ಮೈಸೂರು ಕಡೆ ನನ್ನಂಥವರನ್ನು ಉಯಿಲು ಅನ್ನುತ್ತಾರಂತೆ, ಪೇಟೆಯವರು ವಿಲ್ ಅನ್ನುತ್ತಾರೆ. ಹೆಸರು ಏನೇ ಇರಲಿ, ನಮ್ಮ ಹಣೆಬರಹ ಒಂದೇ. ಬರೆದವರು ಕಣ್ಣು ಮುಚ್ಚುವ ತನಕ ನಾವು ಬಾಯಿ ಮುಚ್ಚಿಕೊಂಡಿರಬೇಕು. ಉಳಿದ ಕಾಗದಗಳಿಗೆ ಈ ತಾಳ್ಮೆ ಇಲ್ಲ. ಕರೆಂಟ್ ಬಿಲ್ಲು ಬಂದ ದಿನವೇ ಕೂಗಾಡುತ್ತದೆ. ಲಗ್ನಪತ್ರಿಕೆ ಒಂದು ತಿಂಗಳು ಮೆರೆದು ಹಳೆಯ ಪೇಪರಿನ ಜೊತೆ ತೂಕಕ್ಕೆ ಹೋಗುತ್ತದೆ.

ನಾನು ಹುಟ್ಟಿದ್ದು ದಾಂಡೇಲಿ ಕಡೆಯ ಬಿದಿರಿನಿಂದ. ಗಿರಣಿಯಲ್ಲಿ ಕುದಿದು, ಗಂಜಿಯಾಗಿ, ಉರುಳೆಗಳ ನಡುವೆ ಸಿಕ್ಕು ದಪ್ಪನೆಯ ಡ್ರಾಯಿಂಗ್ ಹಾಳೆಯಾದೆ. ಗದಗಕ್ಕೆ ಅಂಟಿಕೊಂಡಿರುವ ನೇಕಾರರ ಊರು ಬೆಟಗೇರಿ; ಅಲ್ಲಿಯ ಒಂದು ಮಿಶನ್ ಶಾಲೆಯ ಕಪಾಟಿಗೆ ನನ್ನನ್ನೂ ನನ್ನ ಒಡಹುಟ್ಟಿದವರನ್ನೂ ತಂದು ಇಟ್ಟರು. ಪರೀಕ್ಷೆ ಬಂದಾಗ ಮಕ್ಕಳು ಅವರ ಮೇಲೆ ಹೂಜಿ, ಬಾಳೆಹಣ್ಣು, ಮಡಚಿದ ಕೊಡೆ ಬರೆದರು. ನನ್ನ ಪಾಳಿ ಬರುವ ಮೊದಲೇ ಮಕ್ಕಳು ಮುಗಿದರು. ಉಳಿದ ನನ್ನನ್ನು ಡ್ರಾಯಿಂಗ್ ಮಾಸ್ತರ ಎಲಿಶಾ ಹೊಂಬಳ ಸುರುಳಿ ಸುತ್ತಿ ಮನೆಗೆ ಒಯ್ದರು.

ಆ ಸಂಜೆ ಮಾಸ್ತರರ ಮನೆಗೆ ಹೊಸದಾಗಿ ಇನ್ನೊಬ್ಬಳು ಬಂದಿದ್ದಳು. ಅವರ ಹೆಂಡತಿ ಸಾರಾಳ ತಂಗಿಯ ಮಗಳು, ಆರು ವರ್ಷದ ರೂತ. ತಾಯಿ ಸತ್ತು ಒಂದು ವಾರವಾಗಿತ್ತು. ತಂದೆ ಮಗುವನ್ನು ಕಟ್ಟೆಯ ಮೇಲೆ ಕೂರಿಸಿ, ನೀರು ಕೂಡ ಕುಡಿಯದೆ ಬಸ್ಸು ಹತ್ತಿದ್ದ. ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಹುಡುಗಿ ಅಳುತ್ತಿದ್ದಳು. ಅವಳನ್ನು ಸಮಾಧಾನ ಮಾಡಲು ಮಾಸ್ತರರಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ.

"ಬಾ, ನಿನ್ನ ಚಿತ್ರಾ ತಗೀತೇನಿ. ಸುಮ್ಮನ ಕುಂಡ್ರು," ಅಂದರು.

ನನ್ನನ್ನು ಹಲಗೆಗೆ ಸಿಕ್ಕಿಸಿ ಪೆನ್ಸಿಲ್ ಹಿಡಿದರು. ತಲೆಯ ಒಂದು ದುಂಡು ಗೆರೆ, ಎರಡು ಜಡೆ. ಅಷ್ಟರಲ್ಲಿ ಹುಡುಗಿ ಎದ್ದು ಸಾರಾಳ ಸೆರಗಿನ ಹಿಂದೆ ಓಡಿದಳು. ಮಾಸ್ತರರು ನಕ್ಕು ನನ್ನನ್ನು ಸುತ್ತಿ ಕಪಾಟಿನ ಮೇಲೆ ಎಸೆದರು. ನಾನು ಅಲ್ಲಿ ನಲವತ್ತು ವರ್ಷ ಮಲಗಿದೆ.

ಮಲಗಿದ್ದೆ ಅಂದೆ, ಕಿವುಡನಾಗಿದ್ದೆ ಅನ್ನಲಿಲ್ಲ. ಕಪಾಟಿನ ಮೇಲಿನಿಂದ ಒಂದು ಮನೆ ಚೆನ್ನಾಗಿ ಕೇಳಿಸುತ್ತದೆ. ಮಾಸ್ತರರಿಗೆ ಸ್ವಂತ ಮಕ್ಕಳು ಇಬ್ಬರು. ಹಿರಿಯವ ಜಯಶೀಲ ಬೆಳೆದು ರೈಲ್ವೆ ಗಾರ್ಡ್ ಆಗಿ ಹುಬ್ಬಳ್ಳಿಯಲ್ಲಿ ಮನೆ ಮಾಡಿದ. ಮಗಳು ತಬಿಥಾ ನರ್ಸ್ ಕಲಿತು ಸೋಲಾಪುರದ ಆಸ್ಪತ್ರೆ ಸೇರಿದಳು, ಮದುವೆ ಬೇಡವೆಂದಳು. ರೂತ ಮನೆಯಲ್ಲಿ ಉಳಿದಳು. ಮಾಸ್ತರರನ್ನು ಅವಳು ಕಾಕಾ ಅನ್ನುತ್ತಿದ್ದಳು, ಸಾರಾಳನ್ನು ಮೌಶಿ. ಮಾಸ್ತರರ ಶರ್ಟಿಗೆ ಗುಂಡಿ ಹಚ್ಚುವವಳು ಅವಳೇ, ಸಾರಾ ಕೊನೆಯ ಎರಡು ವರ್ಷ ಹಾಸಿಗೆ ಹಿಡಿದಾಗ ಅವಳನ್ನು ಹೊರಳಿಸಿ ಮಲಗಿಸಿದವಳೂ ಅವಳೇ.

ರೂತಳ ಮದುವೆ ಪ್ರಭಾಕರನ ಜೊತೆ ಆಯಿತು. ಅವನು ಬೆತ್ತದ ಕುರ್ಚಿ ಹೆಣೆಯುವವ, ಮಿಶನ್ ಬೋರ್ಡಿಂಗಿನಲ್ಲಿ ಬೆಳೆದ ತಬ್ಬಲಿ; ಮದುವೆಯ ಮೇಲೆ ಇಬ್ಬರೂ ಮಾಸ್ತರರ ಮನೆಯ ಹಿಂದಿನ ಕೋಣೆಗಳಲ್ಲೇ ಉಳಿದರು. ಇವರ ಚರ್ಚಿನ ಸಭೆಯಲ್ಲಿ ಒಂದು ಪದ್ಧತಿ ಇದೆ. ಮದುವೆ ಮುಗಿದ ಕೂಡಲೇ ವೇದಿಕೆಯ ಪಕ್ಕದ ಕೋಣೆಯಲ್ಲಿ ಮದುವೆಯ ದೊಡ್ಡ ಪುಸ್ತಕ ತೆರೆಯುತ್ತಾರೆ. ಎರಡೂ ಕಡೆಯ ಹತ್ತಿರದ ಬಂಧುಗಳಲ್ಲಿ ಗಂಡಸರು ಸಾಕ್ಷಿ ಹಾಕಬೇಕು. ಯಾರನ್ನು ಕರೆದರು, ಯಾರನ್ನು ಬಿಟ್ಟರು ಎಂಬುದರ ಮೇಲೆ ವರ್ಷಗಟ್ಟಲೆ ಮಾತು ಬಿಟ್ಟ ಮನೆಗಳಿವೆ. ಅಂದು ಪ್ರಭಾಕರನ ಕಡೆಯಿಂದ ಹಾಕಲು ಯಾರೂ ಇರಲಿಲ್ಲ. ಕೊನೆಗೆ ಚರ್ಚಿನ ಕಾವಲುಗಾರನನ್ನು ಕರೆದರು. ಮಾಸ್ತರರು ರೂತಳ ತಂದೆ ಎಂದು ಬರೆಯಹೋದಾಗ ಪಾದ್ರಿಗಳು ತಡೆದು, "ತಂದಿ ಅಲ್ರಿ, ಪಾಲಕ ಅಂತ ಬರೀರಿ," ಅಂದರಂತೆ. ಮನೆಗೆ ಬಂದು ಮಾಸ್ತರರು ಊಟ ಮಾಡದೆ ಕೂತದ್ದು ನನಗೆ ನೆನಪಿದೆ.

ಎಪ್ಪತ್ತೆಂಟು ತುಂಬಿದ ಮೇಲೆ ಒಂದು ಮಧ್ಯಾಹ್ನ ಮಾಸ್ತರರು ನನ್ನನ್ನು ಇಳಿಸಿದರು. ಹಳದಿ ತಿರುಗಿದ್ದೆ, ಆದರೆ ಗಟ್ಟಿಯಾಗಿದ್ದೆ. ರಬ್ಬರ್ ಹಚ್ಚಿ ಜಡೆಗಳನ್ನು ಉಜ್ಜಿದರು. ಅವು ಪೂರ್ತಿ ಹೋಗಲಿಲ್ಲ. ನಡುವೆ ಮಡಚಿದರು, ಸ್ಕೇಲು ಇಟ್ಟು ಸಣ್ಣ ಗೆರೆ ಎಳೆದರು, ನಿಬ್ಬಿನ ಪೆನ್ನಿಗೆ ಕಪ್ಪು ಶಾಯಿ ತುಂಬಿದರು.

ಅಕ್ಷರದ ವಿಷಯ ಇಲ್ಲಿ ಹೇಳಿಬಿಡುತ್ತೇನೆ, ಜಂಬ ಅಂದುಕೊಂಡರೂ ಚಿಂತೆಯಿಲ್ಲ. ಅಂಥ ಅಕ್ಷರ ಹೊತ್ತ ಮೃತ್ಯುಪತ್ರ ಧಾರವಾಡ ಸೀಮೆಯಲ್ಲಿ ಇನ್ನೊಂದು ಇರಲಿಕ್ಕಿಲ್ಲ. ಪ್ರತಿ ತಲೆಕಟ್ಟು ಒಂದೇ ಎತ್ತರ, ಪ್ರತಿ ಕೊಂಬು ಒಂದೇ ಬಾಗು. ಬರೆಯಲು ಮೂರು ದಿನ ಹಿಡಿಯಿತು. "ಬೆಟಗೇರಿಯ ನಿವಾಸಿ ಎಲಿಶಾ ಹೊಂಬಳ ಆದ ನಾನು, ಸ್ವಸ್ಥ ಚಿತ್ತದಿಂದ, ಯಾರ ಒತ್ತಾಯವೂ ಇಲ್ಲದೆ" ಎಂದು ಶುರು. ರಸ್ತೆಯ ಕಡೆಗಿನ ಮೂರು ಕೋಣೆ ಮಗ ಜಯಶೀಲ ಮತ್ತು ಮಗಳು ತಬಿಥಾ ಇಬ್ಬರಿಗೆ ಸಮನಾಗಿ. ಅಂಗಳದ ಹಿಂದಿನ ಎರಡು ಕೋಣೆ, ಪ್ರಭಾಕರ ಕುರ್ಚಿ ಹೆಣೆಯುವ ತಗಡಿನ ಛಾವಣಿ ಮತ್ತು ಬಾವಿ, ಇಷ್ಟು "ನನ್ನ ಮಗಳು ರೂತ"ಳಿಗೆ.

ನನ್ನ ಮಗಳು ಎಂಬ ಆ ಎರಡು ಶಬ್ದ ಬರೆಯುವ ಮೊದಲು ಅವರು ಪೆನ್ನು ಎತ್ತಿ ಬಹಳ ಹೊತ್ತು ಕೂತರು. ರೂತಳ ದೀಕ್ಷಾಸ್ನಾನದ ಚೀಟಿಯಲ್ಲಿ ಓಡಿಹೋದ ಆ ತಂದೆಯ ಹೆಸರಿತ್ತು. ರೇಶನ್ ಕಾರ್ಡಿನಲ್ಲಿ ಅವಳು "ಸಂಬಂಧಿ". ಮದುವೆಯ ಪುಸ್ತಕದಲ್ಲಿ ಮಾಸ್ತರರು ಪಾಲಕರು. ಅವಳನ್ನು ಇವರ ಮಗಳು ಎಂದು ಹೇಳುವ ಕಾಗದ ಲೋಕದಲ್ಲಿ ನಾನೊಬ್ಬನೇ. ಮಾಸ್ತರರು ತೀರಿಹೋದ ಮರುದಿನ ಅವಳಿಗೆ ಈ ಮನೆಯಲ್ಲಿ ನಿಲ್ಲುವ ಹಕ್ಕು ಕೊಡುವವನೂ ನಾನೊಬ್ಬನೇ. ಅದು ಮಾಸ್ತರರಿಗೆ ಗೊತ್ತಿತ್ತು.

ಸಹಿಯ ದಿನ ನೆರೆಮನೆಯ ನಿವೃತ್ತ ಕಂಪೌಂಡರ್ ಹನೋಕಪ್ಪ ಬಂದ. ಅವನ ಎದುರು ಮಾಸ್ತರರು ಸಹಿ ಮಾಡಿದರು, ಕೆಳಗೆ ಹನೋಕಪ್ಪ ಮೊದಲ ಸಾಕ್ಷಿ ಹಾಕಿದ. ಎರಡನೆಯ ಜಾಗ ಖಾಲಿ ಇತ್ತು.

"ಸಭಾದ ಹಿರೇರನ್ನ ಕರಕೊಂಡ ಬರ್ಲ್ಯಾ?" ಅಂದ ಹನೋಕಪ್ಪ.

"ಬ್ಯಾಡೋ ಮಾರಾಯ. ಅವರ ಕಿವಿಗೆ ಹಾಕೂದೂ ಒಂದ, ಚರ್ಚಿನ ಗಂಟಿ ಹೊಡಿಯೂದೂ ಒಂದ. ಮನಿ ಕಾಗದಕ್ಕ ಮನೀ ಮನಷ್ಯಾಂದ ಸಹಿ ಇರಬೇಕು." ಮಾಸ್ತರರು ಅಂಗಳದ ಕಡೆ ತಿರುಗಿ ಕೂಗಿದರು. "ಪ್ರಭಾಕರಾ, ಬಾ ಇಲ್ಲೆ!"

ಅವನು ಕೆಲಸದ ನಡುವೆಯೇ ಎದ್ದು ಬಂದ. ಒದ್ದೆ ಬೆತ್ತ ಕೈಯಲ್ಲಿತ್ತು. ಸಂಗತಿ ಕೇಳಿ ಹಿಂದೆ ಸರಿದ.

"ನಾನ್ಯಾಕ್ರಿ ಮಾಸ್ತರ? ಜಯಶೀಲಣ್ಣಾರನ್ನ ಕರೀಬೇಕಲ್ರಿ."

"ಅವ ಬಂದಾಗ ಬರ್ತಾನ. ನಿನ್ನ ಮದುವ್ಯಾಗ ನಿನ್ನ ಕಡಿಂದ ಕಾವಲುಗಾರ ಸಹಿ ಹಾಕಿದ. ಅದು ನನಗ ಇನ್ನೂ ಕುಟುಕತೈತಿ. ಇವತ್ತ ನೀ ಈ ಮನೀ ಮಗಾ ಅಂತ ಕರಿಯಾಕತ್ತೇನಿ. ಹಾಕು."

ಪ್ರಭಾಕರ ಕೈಯನ್ನು ಶರ್ಟಿಗೆ ಎರಡು ಸಲ ಒರೆಸಿಕೊಂಡ. ಬೆತ್ತ ಎಳೆದು ಎಳೆದು ಗಟ್ಟಿಯಾದ ಬೆರಳುಗಳು ಪೆನ್ನು ಹಿಡಿಯಲು ಒದ್ದಾಡಿದವು. ಒಂದೊಂದೇ ಅಕ್ಷರ ಕೂರಿಸಿ ಬರೆದ. ಕೊನೆಯದರ ಬಾಲ ಗೆರೆ ದಾಟಿತು. ಮುಗಿಸಿ ತಲೆ ಎತ್ತಿದಾಗ ಅವನ ಮುಖ ನೋಡಬೇಕಿತ್ತು. ಆ ಹೊತ್ತಿಗೆ ನನಗೂ ಸಂತೋಷವೇ ಆಗಿತ್ತು. ಮಾಸ್ತರರು ನನ್ನ ಬೆನ್ನು ಮುರಿದದ್ದು ಆ ಗಳಿಗೆಯಲ್ಲಿ ಎಂಬುದು ನಮ್ಮ ನಾಲ್ವರಲ್ಲಿ ಯಾರಿಗೂ ತಿಳಿಯಲಿಲ್ಲ.

ನನ್ನನ್ನು ಮಾಸ್ತರರ ಸತ್ಯವೇದದೊಳಗೆ ಇಟ್ಟರು. ಐದು ವರ್ಷ ಅಲ್ಲಿದ್ದೆ. ಒಮ್ಮೆ ಹನೋಕಪ್ಪ, "ಆ ಪತ್ರಾ ಒಬ್ಬ ವಕೀಲರಿಗೆ ತೋರಿಸಿಡು, ಎಲಿಶಾ," ಅಂದ. ಮಾಸ್ತರರಿಗೆ ಸಿಟ್ಟು ಬಂತು. "ನನ್ನ ಅಕ್ಷರಾ ಓದಾಕ ವಕೀಲ ಬೇಕೇನೋ? ಮೂರನೇತ್ತೆ ಹುಡುಗೂರೂ ಓದ್ತಾವ!" ಅಂದರು. ಹೊಗಳಿಕೆ ಕೇಳಿ ನಾನು ಉಬ್ಬಿದೆ. ಆ ವಾರ ಯಾರಾದರೂ ನನ್ನನ್ನು ಎತ್ತಿಕೊಂಡು ವಕೀಲರ ಮನೆಗೆ ನಡೆದಿದ್ದರೆ ಅರ್ಧ ಗಂಟೆಯಲ್ಲಿ ಎಲ್ಲ ಸರಿಹೋಗುತ್ತಿತ್ತು. ಯಾರೂ ನಡೆಯಲಿಲ್ಲ.

ಮಾಸ್ತರರು ಎಂಬತ್ತಮೂರನೆಯ ವಯಸ್ಸಿನಲ್ಲಿ, ಫೆಬ್ರುವರಿಯ ಒಂದು ಬೆಳಿಗ್ಗೆ, ಚಹಾ ಕುಡಿದು ಒರಗಿದವರು ಏಳಲಿಲ್ಲ. ಮಣ್ಣಾದ ಮೂರನೆಯ ದಿನ ಪ್ರಾರ್ಥನೆ ಮುಗಿಸಿ ಬಂದವರು ಮನೆಯಲ್ಲಿ ಕೂತರು. ಹನೋಕಪ್ಪ ಸತ್ಯವೇದ ತರಿಸಿ ನನ್ನನ್ನು ಹೊರಗೆ ತೆಗೆದು ಜಯಶೀಲನ ಕೈಗೆ ಕೊಟ್ಟ. ನನ್ನ ಮಾತಿನ ದಿನ ಬಂದಿತ್ತು.

ಜಯಶೀಲ ಗಟ್ಟಿಯಾಗಿ ಓದಿದ. ರೈಲಿನಲ್ಲಿ ಮೂವತ್ತೈದು ವರ್ಷ ಕೂಗಿದ ದನಿ, ಒಳಕೋಣೆಗೂ ಕೇಳುತ್ತಿತ್ತು. "ನನ್ನ ಮಗಳು ರೂತ" ಅಂದಲ್ಲಿ ಬಾಗಿಲಿಗೆ ಒರಗಿ ನಿಂತಿದ್ದ ರೂತ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ತಬಿಥಾ ಹೋಗಿ ಅವಳ ಭುಜ ಹಿಡಿದಳು. ಜಯಶೀಲ ನಿಲ್ಲದೆ ಮುಂದೆ ಓದಿದ. ಆಸ್ತಿಯ ಮಾತಿಗೆ ಅವನ ಹುಬ್ಬು ಕೂಡ ಅಲುಗಲಿಲ್ಲ. ಕೊನೆಗೆ ಸಾಕ್ಷಿಗಳ ಹೆಸರು ಬಂದಾಗ ಮಾತ್ರ ದನಿ ನಿಂತಿತು.

"ಎರಡನೇ ಸಾಕ್ಷಿ ಪ್ರಭಾಕರ?" ಅಂದ. "ನಾ ಹುಬ್ಬಳ್ಳಿಯಾಗ ಇದ್ದೆ. ಒಂದ ತಾಸಿನ ದಾರಿ."

ಅವನು ನನ್ನನ್ನು ಮಡಚಿ ಮೇಜಿನ ಮೇಲೆ ಇಟ್ಟ. ಮಡಚಿದ ರೀತಿ ನನಗೆ ಸರಿಬರಲಿಲ್ಲ.

ಮನೆಯನ್ನು ಮೂವರ ಹೆಸರಿಗೆ ಮಾಡಿಸಬೇಕಿತ್ತು. ಅದಕ್ಕಾಗಿ ಎರಡು ತಿಂಗಳ ಮೇಲೆ ಮೂವರೂ ಗದಗದ ವಕೀಲೆ ಸರೋಜಿನಿ ಮುಳಗುಂದರ ಕಚೇರಿಗೆ ಹೋದರು. ಪ್ರಭಾಕರ ಹೊರಗೆ ಬಾಕಿನ ಮೇಲೆ ಕೂತ. ಮುಳಗುಂದ ಬಾಯಾರು ಅರವತ್ತು ದಾಟಿದವರು, ಮಾತು ಕಡಿಮೆ. ನನ್ನನ್ನು ಬಿಡಿಸಿ ಮೊದಲು ಮೆಚ್ಚಿಕೊಂಡರು.

"ಇಂಥಾ ಅಕ್ಷರಾ ನೋಡಿ ಭಾಳ ದಿನಾ ಆಗಿತ್ತು."

ನಾನು ಮತ್ತೆ ಉಬ್ಬಿದೆ. ಅವರು ಓದುತ್ತ ಓದುತ್ತ ಕೆಳಗೆ ಬಂದರು. ಬೆರಳು ಗೆರೆ ದಾಟಿದ ಆ ಬಾಲದ ಮೇಲೆ ನಿಂತಿತು.

"ಈ ಪ್ರಭಾಕರ ಯಾರು?"

"ನಮ್ಮನಿಯವರ್ರೀ," ಅಂದಳು ರೂತ. ದನಿಯಲ್ಲಿ ಹೆಮ್ಮೆಯಿತ್ತು. ಕಾಕಾ ತನ್ನ ಗಂಡನನ್ನು ಕರೆದು ಸಹಿ ಹಾಕಿಸಿದ್ದಾರೆ, ಸಣ್ಣ ಮಾತೇ?

ಬಾಯಾರು ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು. ಆಮೇಲೆ ಹೇಳಿದ್ದನ್ನು ನಾನು ಇಂದಿಗೂ ಶಬ್ದ ಬಿಡದೆ ಹೇಳಬಲ್ಲೆ.

"ನೋಡವಾ ತಂಗಿ. ಮೃತ್ಯುಪತ್ರದಿಂದ ಯಾರಿಗೆ ಆಸ್ತಿ ಬರತೈತಿ, ಅವರಾಗಲಿ, ಅವರ ಗಂಡಾ ಹೆಂಡತಿ ಆಗಲಿ, ಅದಕ್ಕ ಸಾಕ್ಷಿ ಹಾಕಬಾರದು. ಹಾಕಿದ್ರ ಅವರಿಗೆ ಬರದದ್ದು ರದ್ದ ಆಗತೈತಿ. ಹಿಂದೂ ಮಂದಿಗೆ ಕಾಯ್ದೆದಾಗಿನ ಈ ಕಲಮು ಹತ್ತೂದಿಲ್ಲ, ಕ್ರಿಶ್ಚನ್ನರು ನಿಮಗ ಹತ್ತತೈತಿ. ಪತ್ರಾ ಸರಿ ಐತಿ, ಮುಂದಿನ ಮನೀ ಮಾತೂ ಸರಿ. ನಿನಗ ಬರದದ್ದು ಅಷ್ಟ ಹೋತು."

ತಬಿಥಾ ಮೊದಲು ಬಾಯಿ ಬಿಟ್ಟಳು.

"ಹೋತು ಅಂದ್ರ ಯಾರಿಗೆ ಹೋತ್ರೀ?"

"ಆ ಭಾಗಕ್ಕ ಪತ್ರಾನ ಇಲ್ಲ ಅಂತ ತಿಳೀರಿ. ಹೆತ್ತ ಮಕ್ಕಳಿಗೆ, ಅಂದ್ರ ನಿಮ್ಮಿಬ್ಬರಿಗೆ, ಅರ್ಧಾ ಅರ್ಧಾ."

"ಮಗಳು ಅಂತ ಬರದಾರಲ್ರಿ ಇಕೀನ್ನ?"

"ಬರದಾರ. ಬರದ್ರ ಕಾನೂನಿಗೆ ಮಗಳಾಗೂದಿಲ್ಲವಾ. ದತ್ತಕ ತಗೊಳ್ಳಾಕ ಆಗ ನಿಮ್ಮೊಳಗ ಕಾಯ್ದೆನೂ ಇರಲಿಲ್ಲ." ಬಾಯಾರು ನನ್ನನ್ನು ಮೆಲ್ಲಗೆ ಮಡಚಿದರು. "ಹಾದ್ಯಾಗ ಹೋಗೂ ಮೊಸರ ಮಾರಾಕೀನ್ನ ಕರದು ಸಹಿ ಹಾಕಿಸಿದ್ರೂ ಸಾಕಿತ್ತು. ಮನ್ಯಾಂವ ಅಂತ ಕರದು ಕೆಡಿಸ್ಯಾರ."

ಇಷ್ಟು ಹೊತ್ತು ಗೋಡೆ ನೋಡುತ್ತಿದ್ದ ಜಯಶೀಲ ಆಗ ಮಾತಾಡಿದ. ಅವನು ಕೇಳಿದ್ದು ಕೋಣೆಗಳ ವಿಷಯವಲ್ಲ.

"ಹಿರೇ ಮಗಾ ನಾನು. ಸಾಕ್ಷಿಗೆ ನನ್ನ ಯಾಕ ಕರೀಲಿಲ್ಲ ಅಪ್ಪ?"

"ಕರೀಲಿಲ್ಲ ಅಂತ ದೇವರ ಸ್ತುತಿ ಮಾಡ್ರಿ," ಅಂದರು ಬಾಯಾರು. "ಕರದಿದ್ರ ಪತ್ರದಾಗ ನಿಮಗ ಬರದದ್ದೂ ರದ್ದ ಆಗತಿತ್ತು."

ಅವನಿಗೆ ನಗು ಬರಲಿಲ್ಲ. "ಕಾನೂನು ಏನ್ ಹೇಳತೈತೋ ಹಂಗ ಆಗಲಿ," ಎಂದು ಎದ್ದ.

ಬಾಗಿಲಲ್ಲಿ ಪ್ರಭಾಕರ ನಿಂತಿದ್ದ. ಬಾಕು ಬಾಗಿಲಿಗೆ ಹತ್ತಿರವೇ ಇತ್ತು, ಎಲ್ಲ ಕೇಳಿಸಿಕೊಂಡಿದ್ದ. ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದ. ರೂತ ಅವನ ಮುಖ ನೋಡಿದಳು, ಆಮೇಲೆ ತಿರುಗಿ ಮೇಜಿನ ಹತ್ತಿರ ಬಂದಳು.

"ಬಾಯಾರ, ಇದು ಇನ್ನ ಯಾರಿಗರ ಬೇಕಾಗತೈತೇನ್ರಿ?"

"ಮುಂದಿನ ಮನೀಗೆ ಬೇಕು. ಕೆಲಸಾ ಮುಗದ ಮ್ಯಾಲೆ ಬೇಕಾಗೂದಿಲ್ಲ."

"ಮುಗದ ಮ್ಯಾಲೆ ನನಗ ಕೊಡ್ರಿ. ಮನಿ ಹೋದ್ರ ಹೋಗಲಿ."

ತಿಂಗಳ ಮೇಲೆ ನಾನು ರೂತಳ ಕೈ ಸೇರಿದೆ. ತನ್ನ ಪಾಲಿಗೆ ರದ್ದಾದ ಕಾಗದವನ್ನು ಕೇಳಿ ಪಡೆದವರನ್ನು ನಾನು ಅದೇ ಮೊದಲು ನೋಡಿದ್ದು. ಅವಳು ನನ್ನನ್ನು ಕಿಟಕಿಯ ಬೆಳಕಿಗೆ ಹಿಡಿದು ಆ ಎರಡು ಶಬ್ದ ಓದಿದಳು. ಓದುವಾಗ ಅಕ್ಷರಗಳ ಹಿಂದೆ ಮಸುಕಾಗಿ ಉಳಿದಿದ್ದ ಗೆರೆ ಕಂಡಿತು. ಒಂದು ದುಂಡು ತಲೆ, ಎರಡು ಜಡೆ. ಬಹಳ ಹೊತ್ತು ನೋಡಿದಳು. ಅತ್ತಳು ಎಂದೇ ಹೇಳಬೇಕು, ಯಾಕೆಂದರೆ ನನ್ನ ಬಲಮೂಲೆಯ ಶಾಯಿ ಹರಡಿದ್ದು ಅಂದೇ. ಆಮೇಲೆ ನನ್ನನ್ನು ತನ್ನ ಸತ್ಯವೇದದ ರಟ್ಟಿನ ಚೀಲದಲ್ಲಿ ಸಿಕ್ಕಿಸಿದಳು. ಅಂದಿನಿಂದ ಪ್ರತಿ ಭಾನುವಾರ ನಾನೂ ಚರ್ಚಿಗೆ ಹೋಗುತ್ತೇನೆ.

ತಬಿಥಾ ಸೋಲಾಪುರಕ್ಕೆ ಹೊರಡುವ ಮೊದಲೇ ಹಿಂದಿನ ಭಾಗದ ತನ್ನ ಅರ್ಧವನ್ನು ರೂತಳಿಗೆ ದಾನಪತ್ರ ಮಾಡಿಕೊಟ್ಟಳು. "ಅಪ್ಪ ಕೊಟ್ಟದ್ದನ್ನ ನಾ ಇಟ್ಕೊಂಡ್ರ ನನಗ ಊಟಾ ಸೇರೂದಿಲ್ಲ," ಅಂದಳು, ಅಷ್ಟೇ. ಉಳಿದ ಅರ್ಧ ಜಯಶೀಲನದು. ಅವನು ಕೊಡುತ್ತೇನೆ ಅನ್ನಲಿಲ್ಲ, ಕೊಡುವುದಿಲ್ಲ ಅನ್ನಲೂ ಇಲ್ಲ. ಫೋನು ಮಾಡುವುದನ್ನೇ ಬಿಟ್ಟ. ಎರಡು ಕೋಣೆ, ಒಂದು ಬಾವಿ. ಅದರಲ್ಲಿ ಅರ್ಧ ಯಾವುದು ಎಂದು ಗೆರೆ ಎಳೆಯುವುದು ಹೇಗೆ? ಜುಲೈಯಲ್ಲಿ ಪಕ್ಕದ ಅಂಗಡಿಯವನು ಟೇಪು ಹಿಡಿದು ಬಂದು ಅಂಗಳ ಅಳೆದ. ಗೋದಾಮಿಗೆ ಜಾಗ ಬೇಕಂತೆ, ಜಯಶೀಲರ ಜೊತೆ ಮಾತಾಡಿದ್ದಾನಂತೆ. ಟೇಪಿನ ಒಂದು ತುದಿಯನ್ನು ಪ್ರಭಾಕರನಿಗೇ ಹಿಡಿಯಲು ಕೊಟ್ಟ. ಪ್ರಭಾಕರ ಹಿಡಿದುಕೊಂಡು ನಿಂತ.

ಅವನ ವಿಷಯ ಹೇಳಬೇಕು. ಬಾಯಾರ ಕಚೇರಿಗೆ ಹೋಗಿಬಂದ ದಿನದಿಂದ ಅವನು ಸಹಿ ಹಾಕುವುದನ್ನು ಬಿಟ್ಟಿದ್ದ. ಗ್ಯಾಸ್ ಸಿಲಿಂಡರ್ ಬಂದರೆ, "ಆಕೀನ್ನ ಕರೀತೇನ್ರಿ," ಎಂದು ಒಳಗೆ ಹೋಗುತ್ತಿದ್ದ. ರಜಿಸ್ಟರ್ ಪತ್ರ ತಂದ ಅಂಚೆಯವನಿಗೆ ಹೆಬ್ಬೆರಳು ಒತ್ತಿಕೊಟ್ಟ. ಏಳನೇ ಇಯತ್ತೆ ಓದಿದವನು ಹೆಬ್ಬೆಟ್ಟು ಒತ್ತುತ್ತಾನೆಂದು ಓಣಿ ನಕ್ಕಿತು. ರೂತ ಬೈದು ನೋಡಿದಳು, ಸಮಾಧಾನ ಹೇಳಿ ನೋಡಿದಳು.

"ತಪ್ಪು ನಿಮ್ಮದಲ್ಲ. ಕಾಕಾ ಕರದ್ರು, ನೀವು ಹಾಕಿದ್ರಿ."

"ಹಾಕಿದ ಕೈ ನಂದ ಅಲ್ಲೇನು?" ಅನ್ನುತ್ತಿದ್ದ ಅವನು, ಬೆತ್ತ ಎಳೆಯುತ್ತ.

ಡಿಸೆಂಬರಿನಲ್ಲಿ ಜಯಶೀಲನ ಮಗಳು ಪ್ರಿಸಿಲ್ಲಾಳ ಮದುವೆ. ಅಜ್ಜನ ಚರ್ಚಿನಲ್ಲೇ ಆಗಬೇಕೆಂದು ಹುಡುಗಿ ಹಟ ಹಿಡಿದದ್ದರಿಂದ ಬೆಟಗೇರಿಯಲ್ಲಿ ಇಟ್ಟುಕೊಂಡರು. ಕರೆಯಲು ಜಯಶೀಲನ ಹೆಂಡತಿ ಬಂದಿದ್ದಳು, ಜಯಶೀಲ ಬರಲಿಲ್ಲ. ರೂತ, ಪ್ರಭಾಕರ ಹಿಂದಿನ ಬೆಂಚಿನಲ್ಲಿ ಕೂತರು. ನಾನು ರೂತಳ ತೊಡೆಯ ಮೇಲೆ, ಸತ್ಯವೇದದ ರಟ್ಟಿನಲ್ಲಿ. ಮದುವೆ ಮುಗಿದು ಪಕ್ಕದ ಕೋಣೆಗೆ ಎಲ್ಲರೂ ನುಗ್ಗಿದರು, ತಬಿಥಾ ಇವರಿಬ್ಬರನ್ನೂ ಎಳೆದುಕೊಂಡು ಬಂದಳು. ದೊಡ್ಡ ಪುಸ್ತಕ ತೆರೆದಿತ್ತು. ಗಂಡಿನ ಕಡೆಯವರು ಸಾಲಾಗಿ ಸಹಿ ಹಾಕಿದರು. ಹೆಣ್ಣಿನ ಕಡೆಯಿಂದ ತಂದೆಯಾಗಿ ಜಯಶೀಲ ಹಾಕಿದ.

"ಹೆಣ್ಣಿನ ಕಡಿಂದ ಇನ್ನೊಬ್ಬರು," ಅಂದರು ಪಾದ್ರಿಗಳು. "ಹತ್ರದ ಮನೀ ಹಿರೇರು ಯಾರದಾರು?"

ಜಯಶೀಲನಿಗೆ ಅಣ್ಣತಮ್ಮಂದಿರಿಲ್ಲ. ಅವನ ಹೆಂಡತಿಯ ಅಣ್ಣ ಕಾಯಿಲೆಯಾಗಿ ಬಂದಿರಲಿಲ್ಲ. ಕೋಣೆಯಲ್ಲಿ ಗುಸುಗುಸು ಎದ್ದಿತು. ಸಭೆಯ ಹಿರಿಯರು ತಾವೇ ಹಾಕುವವರಂತೆ ಜೇಬಿನ ಪೆನ್ನು ತೆಗೆದರು. ಜಯಶೀಲ ಪುಸ್ತಕದ ಖಾಲಿ ಜಾಗವನ್ನೇ ನೋಡುತ್ತ ನಿಂತಿದ್ದ. ಖಾಲಿ ಜಾಗಕ್ಕೆ ತನ್ನನ್ನು ಕರೆಯದೆ ಬಿಟ್ಟರೆ ಹೇಗಿರುತ್ತದೆ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಅಲ್ಲಿ ಇರಲಿಲ್ಲ.

"ಪ್ರಭಾಕರಾ," ಅಂದ. "ಬಾ ಇಲ್ಲೆ."

ಆ ಎರಡು ಮಾತು ನಾನು ಹಿಂದೆ ಕೇಳಿದ್ದೆ. ದನಿ ಕೂಡ ಮಾಸ್ತರರದೇ ಆಗಿತ್ತು. ಪ್ರಭಾಕರನ ಕೈಗಳು ಬೆನ್ನ ಹಿಂದೆ ಹೋದವು.

"ನಾ ಸಹಿ ಹಾಕಂಗಿಲ್ರಿ ಅಣ್ಣಾರ. ನನ್ನ ಕೈ ಛಲೋ ಇಲ್ಲ. ಹುಡುಗೀಗೆ ಏನರ ಆದೀತು."

"ಅಪ್ಪ ಕರದಾಗ ಹಾಕಿದಿ. ನಾ ಕರದ್ರ ಹಾಕಂಗಿಲ್ಲೇನು?"

ಜಯಶೀಲ ಪೆನ್ನನ್ನು ಚಾಚಿಕೊಂಡೇ ನಿಂತ. ಪ್ರಭಾಕರ ಶರ್ಟಿಗೆ ಎರಡು ಸಲ ಕೈ ಒರೆಸಿಕೊಂಡ. ಎಂಟು ತಿಂಗಳ ಮೇಲೆ ಅವನ ಹೆಸರು ಒಂದು ಕಾಗದದ ಮೇಲೆ ಬಿತ್ತು. ಬಾಲ ಈ ಸಲವೂ ಗೆರೆ ದಾಟಿತಂತೆ. ಪಾದ್ರಿಗಳು ಮೇಲೆ ಬ್ಲಾಟಿಂಗ್ ಕಾಗದ ಒತ್ತಿದರು.

ಮದುವೆ ಶನಿವಾರ. ಸೋಮವಾರ ಬೆಳಿಗ್ಗೆ ಜಯಶೀಲ ಹುಬ್ಬಳ್ಳಿಗೆ ಹೋಗದೆ ನೇರ ಮುಳಗುಂದ ಬಾಯಾರ ಕಚೇರಿಗೆ ಬಂದ. ಹಿಂದಿನ ಭಾಗದ ತನ್ನ ಅರ್ಧಕ್ಕೂ ದಾನಪತ್ರ ಬರೆಸಿದ. ಟೈಪು ಮಾಡುವವಳು "ರೂತ ಕೋಂ ಪ್ರಭಾಕರ", ಅಂದರೆ ಪ್ರಭಾಕರನ ಹೆಂಡತಿ ರೂತ, ಎಂದು ಬಡಿದಿದ್ದಳು. ಜಯಶೀಲ ಬೆರಳಿಟ್ಟು, "ಇದರ ಹಿಂದ 'ನನ್ನ ತಂಗಿ' ಅಂತ ಹಾಕವಾ," ಅಂದ. ನೋಂದಣಿ ಕಚೇರಿಯಲ್ಲಿ ಸಾಕ್ಷಿಗೆ ಬಾಯಾರೇ ಇಬ್ಬರು ಗುರುತಿಲ್ಲದವರನ್ನು ಹಿಡಿದು ತಂದರು. ದಾನಪತ್ರಕ್ಕೆ ಆ ಕಲಮು ಹತ್ತುವುದಿಲ್ಲವಂತೆ, ಆದರೂ ಈ ಮನೆಯವರ ಮೇಲೆ ಅವರಿಗೆ ಭರವಸೆ ಇರಲಿಲ್ಲ. ಟೇಪಿನವನು ಬೇರೆ ಕಡೆ ಗೋದಾಮು ಹುಡುಕಿಕೊಂಡ.

ಹೀಗೆ ನಾನು ಕೊಡಬೇಕಾಗಿದ್ದನ್ನು ಬೇರೆ ಎರಡು ಕಾಗದಗಳು ಕೊಟ್ಟವು. ಟೈಪು ಮಾಡಿದ ಕಾಗದಗಳು, ಅಕ್ಷರದಲ್ಲಿ ನನ್ನ ಕಾಲ ಬಳಿ ನಿಲ್ಲಲಾರವು. ಮೊದಲು ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ? ಈಗ ಇಲ್ಲ.

ಕಳೆದ ವರ್ಷ ಬಾಯಾರು ರೂತಳನ್ನು ಕರೆದು ಇನ್ನೊಂದು ಮಾತು ಹೇಳಿದರು. ರೂತ, ಪ್ರಭಾಕರರಿಗೆ ಮಕ್ಕಳಿಲ್ಲ. ಅವಳು ಏನೂ ಬರೆಯದೆ ಹೋದರೆ ಗಂಡನಿಗೆ ಅರ್ಧವೇ. ಉಳಿದರ್ಧ ಅವಳ ಅತಿ ಹತ್ತಿರದ ರಕ್ತಸಂಬಂಧಿಗಳಿಗೆ. ಅಂದರೆ ಅವಳನ್ನು ಕಟ್ಟೆಯ ಮೇಲೆ ಬಿಟ್ಟು ಬಸ್ಸು ಹತ್ತಿದವನ ಕಡೆಯವರಿಗೆ. ರೂತ ಮನೆಗೆ ಬಂದಳು. ಮರುದಿನ ಬೆಳಿಗ್ಗೆ ನನ್ನನ್ನು ತೆಗೆದು ಮೇಜಿನ ಮೇಲೆ ಬಿಡಿಸಿಟ್ಟು, ನೋಡಿ ನೋಡಿ, ನೋಟ್‌ಬುಕ್ಕಿನ ಹಾಳೆಯ ಮೇಲೆ ಬಾಲ್‌ಪೆನ್ನಿನಿಂದ ಬರೆಯತೊಡಗಿದಳು. ನನ್ನಿಂದ ಸಾಲುಗಳನ್ನು ಹಾಗೆಯೇ ಎತ್ತಿಕೊಂಡಳು. ಸ್ವಸ್ಥ ಚಿತ್ತದಿಂದ, ಯಾರ ಒತ್ತಾಯವೂ ಇಲ್ಲದೆ.

ಮುಗಿದ ಮೇಲೆ ಹೊರಗೆ ಹೋಗಿ, ರಜಿಸ್ಟರ್ ಪತ್ರ ಹಿಡಿದು ಓಣಿಗೆ ಬಂದಿದ್ದ ಅಂಚೆಯವನನ್ನೂ, ಮೊಸರು ಮಾರುವ ನೀಲವ್ವನನ್ನೂ ಕರೆತಂದಳು. ನೀಲವ್ವ ಗಾಬರಿಯಿಂದ ಬುಟ್ಟಿ ಇಳಿಸಿದಳು. ಪ್ರಭಾಕರ ಏನೆಂದು ನೋಡಲು ಅಂಗಳದಿಂದ ಬಂದ.

"ನೀವು ಹೊರಗ ನಡೀರಿ," ಅಂದಳು ರೂತ.

"ಯಾಕ?"

"ನಡೀರಿ ಅಂದೆ. ಬಾಗಲಾ ಮುಂದ ಮಾಡಿಕೊಂಡ ಹೋಗ್ರಿ."

ಅವನು ಹೋಗಿ ಕಟ್ಟೆಯ ಮೇಲೆ ಕೂತ. ಕಿಟಕಿಯಿಂದ ಅವನ ಬೆನ್ನು ಕಾಣುತ್ತಿತ್ತು, ತೊಡೆಯ ಮೇಲಿಟ್ಟ ಎರಡು ಕೈಗಳೂ. ಒಳಗೆ ರೂತ ಸಹಿ ಮಾಡಿದಳು. ಅಂಚೆಯವನು ಗೀಚಿದ. ನೀಲವ್ವ ನಾಲಿಗೆ ಕಚ್ಚಿಕೊಂಡು ತನ್ನ ಹೆಸರನ್ನು ಬಿಡಿಬಿಡಿಯಾಗಿ ಬರೆದಳು. ಹೆಬ್ಬೆರಳಿನ ಮೊಸರು ಕಾಗದದ ಅಂಚಿಗೆ ತಾಗಿ ಕಲೆಯಾಯಿತು.

ಆ ಹಾಳೆಯನ್ನು ರೂತ ನನ್ನ ಪಕ್ಕದಲ್ಲೇ ಇಟ್ಟಿದ್ದಾಳೆ. ಇಬ್ಬರೂ ಒಟ್ಟಿಗೆ ಚರ್ಚಿಗೆ ಹೋಗುತ್ತೇವೆ, ಬರುತ್ತೇವೆ. ನನ್ನ ಮಡಿಕೆ ಸವೆದು ನಡುವೆ ಸೀಳು ಬಿಟ್ಟಿದೆ. ಇನ್ನೊಂದು ಹತ್ತು ವರ್ಷಕ್ಕೆ ಎರಡು ತುಂಡಾಗುತ್ತೇನೆ. ಹೊಸದಕ್ಕೆ ಇನ್ನೂ ಮಾತು ಬಂದಿಲ್ಲ, ಬಹಳ ವರ್ಷ ಬಾರದಿರಲಿ ಎಂದೇ ನನ್ನ ಆಸೆ. ಅದರ ಅಕ್ಷರ ನೋಡಿದರೆ ಮಾಸ್ತರರು ತಲೆ ಚಚ್ಚಿಕೊಳ್ಳುತ್ತಿದ್ದರು, ಕಾಗೆ ಕಾಲು ಗುಬ್ಬಿ ಕಾಲು. ಆದರೆ ಸಾಕ್ಷಿಗಳು ಸರಿಯಾಗಿದ್ದಾರೆ. ಎರಡು ಕೋಣೆ, ತಗಡಿನ ಛಾವಣಿ, ಬಾವಿ, ಎಲ್ಲವೂ ಪ್ರಭಾಕರನಿಗೆ ಎಂದು ಅದರಲ್ಲಿ ಬರೆದಿದೆ.